ನರಕದ ಲೆಕ್ಕ, ಕರುಣೆಯ ತೂಕ

ದಿನದ ಐದು ಹೊತ್ತಿನ ಕಡ್ಡಾಯ ನಮಾಜ್‌ಗಳನ್ನು ಕೂಡಿಸಿದರೆ ಒಟ್ಟು 17 ರಕಾತ್ (ನಮಾಜ್‌ನ ಆವರ್ತನ) ಆಗುತ್ತವೆ. ಪ್ರತಿ ರಕಾತ್‌ನಲ್ಲೂ ಕುರ್‌ಆನ್‌ನ ಮೊದಲ ಅಧ್ಯಾಯ ‘ಫಾತಿಹಾ’ದ ಪಠಣ ಇದ್ದೇ ಇರುತ್ತದೆ. ಏಳು ವಚನಗಳ ಆ ಪುಟ್ಟ ಅಧ್ಯಾಯದಲ್ಲಿ ದೇವರ ದಯೆಯನ್ನು ಕೊಂಡಾಡಿದ ಬೆನ್ನಿಗೇ ತೀರ್ಪಿನ ದಿನದ ಮಾತು ಬರುತ್ತದೆ. ಕುರ್‌ಆನ್‌ನ 114 ಅಧ್ಯಾಯಗಳಲ್ಲಿ 113 ಅಧ್ಯಾಯಗಳು ಶುರುವಾಗುವುದೇ ದಯಾಮಯನಾದ ದೇವರ ಹೆಸರಿನಿಂದ. ಅದೇ ಗ್ರಂಥ ನರಕದ ಬೆಂಕಿಯನ್ನೂ ಪದೇ ಪದೇ ನೆನಪಿಸುತ್ತದೆ.

ಅಷ್ಟೊಂದು ಕರುಣೆಯಿರುವ ದೇವರಿಗೆ ನರಕ ಯಾಕೆ ಬೇಕು? ಅಲ್ಲಿಗೆ ಬಿದ್ದವರು ಹೊರಬರುವುದುಂಟೆ? ಬೇರೆ ಧರ್ಮದವರ ಗತಿಯೇನು? ಮುಸ್ಲಿಮೇತರರು ಮಾತ್ರವಲ್ಲ, ಮುಸ್ಲಿಂ ವಿದ್ವಾಂಸರೂ ಈ ಪ್ರಶ್ನೆಗಳನ್ನು 1,300 ವರ್ಷಗಳಿಂದ ಕೇಳುತ್ತಲೇ ಬಂದಿದ್ದಾರೆ. ಅವರ ಉತ್ತರಗಳನ್ನು ಒಟ್ಟಿಗಿಟ್ಟು ನೋಡಿದರೆ ಪರಲೋಕದ ಲೆಕ್ಕಾಚಾರ ಶುರುವಿನಿಂದಲೂ ಕರುಣೆಯ ಕಡೆಗೆ ವಾಲಿರುವುದು ಕಾಣುತ್ತದೆ. ಆ ಕರುಣೆಯೂ ತಡೆದು ನಿಲ್ಲುವ ಒಂದು ಜಾಗವಿದೆ. ಅದು ಮನುಷ್ಯ ಮನುಷ್ಯನಿಗೆ ಮಾಡಿದ ಅನ್ಯಾಯ.

ಗೋರಿಯಿಂದ ಸೇತುವೆಯವರೆಗೆ

ಸಾವಿಗೂ ಸ್ವರ್ಗ–ನರಕಗಳಿಗೂ ನಡುವೆ ಹಲವು ಹಂತಗಳಿವೆ. ಮೊದಲನೆಯದು ‘ಬರ್ಝಖ್’, ಅಂದರೆ ಸಾವಿನಿಂದ ಪುನರುತ್ಥಾನದವರೆಗಿನ ಅವಧಿ. ಮುನ್ಕರ್ ಮತ್ತು ನಕೀರ್ ಎಂಬ ಇಬ್ಬರು ದೇವದೂತರು ಗೋರಿಗೆ ಬಂದು, ನಿನ್ನ ಪ್ರಭು ಯಾರು, ಧರ್ಮ ಯಾವುದು, ಪ್ರವಾದಿ ಯಾರು ಎಂದು ವಿಚಾರಿಸುತ್ತಾರೆ ಎಂಬುದು ನಂಬಿಕೆ. ನಮ್ಮ ಕರಾವಳಿಯ ಬ್ಯಾರಿಗಳು ಹೆಚ್ಚಾಗಿ ಶಾಫಿ ಪಂಥದವರು. ಅವರಲ್ಲಿ ಹಲವರು ದಫನ ಮುಗಿದ ಮೇಲೆ ‘ತಲ್ಕೀನ್’ ಹೇಳಿಸುತ್ತಾರೆ. ಧರ್ಮಗುರುಗಳಾದ ಉಸ್ತಾದರು ಗೋರಿಯ ಬಳಿ ಕೂತು, ಮಣ್ಣಿನಡಿ ಮಲಗಿದವರನ್ನೇ ಉದ್ದೇಶಿಸಿ, ಆ ಪ್ರಶ್ನೆಗಳಿಗೆ ಕೊಡಬೇಕಾದ ಉತ್ತರಗಳನ್ನು ನೆನಪು ಮಾಡಿಕೊಡುತ್ತಾರೆ. ಸಲಫಿ ವಿಚಾರದವರು ಇದನ್ನು ಒಪ್ಪುವುದಿಲ್ಲ. ಅವರು ಮೃತರ ಪಾಪಕ್ಷಮೆಗಾಗಿ ಪ್ರಾರ್ಥಿಸಿ ಹಿಂದಿರುಗುತ್ತಾರೆ.

ಎರಡನೇ ಹಂತ ಕಿಯಾಮತ್, ಅಂದರೆ ಪುನರುತ್ಥಾನ ಮತ್ತು ತೀರ್ಪಿನ ದಿನ. ಕಹಳೆ ಊದಿದಾಗ ಸತ್ತವರೆಲ್ಲ ಎದ್ದು ‘ಮಹ್ಶರ್’ ಎಂಬ ಮೈದಾನದಲ್ಲಿ ನೆರೆಯುತ್ತಾರೆ. ಕುರ್‌ಆನ್ ಒಂದೆಡೆ 50,000 ವರ್ಷಗಳಷ್ಟು ಉದ್ದದ ದಿನವೊಂದನ್ನು ಹೇಳುತ್ತದೆ. ಅದು ಈ ದಿನವೇ ಎಂದು ಬಹಳ ಮಂದಿ ವ್ಯಾಖ್ಯಾನಕಾರರ ಅಭಿಪ್ರಾಯ. ಬದುಕಿನುದ್ದಕ್ಕೂ ದೇವದೂತರು ಬರೆದಿಟ್ಟ ಕರ್ಮಗಳ ದಾಖಲೆ ಅಲ್ಲಿ ಅವರವರ ಕೈ ಸೇರುತ್ತದೆ. ಬಲಗೈಗೆ ಬಂದರೆ ಶುಭ, ಎಡಗೈಗೆ ಬಂದರೆ ಕೇಡು. ಬಳಿಕ ‘ಮೀಝಾನ್’ ಎಂಬ ತಕ್ಕಡಿಯಲ್ಲಿ ಒಳಿತು ಕೆಡುಕುಗಳ ತೂಕ.

ಕೊನೆಯದು ‘ಸಿರಾತ್’ ಸೇತುವೆ. ನರಕದ ಮೇಲೆ ಹಾಸಿರುವ ಈ ಸೇತುವೆ ಕೂದಲಿಗಿಂತ ತೆಳು, ಕತ್ತಿಗಿಂತ ಹರಿತ ಎಂಬ ವರ್ಣನೆ ಪ್ರವಾದಿ ಮುಹಮ್ಮದರ ನುಡಿ–ನಡೆಗಳ ವರದಿಗಳಾದ ಹದೀಸ್‌ಗಳಲ್ಲಿದೆ. ಕೆಲವರು ಮಿಂಚಿನಂತೆ, ಕೆಲವರು ಗಾಳಿಯಂತೆ, ಕೆಲವರು ಓಡುವ ಕುದುರೆಯಂತೆ ದಾಟುತ್ತಾರೆ. ಉಳಿದವರು ತೆವಳುತ್ತಾರೆ, ಜಾರಿ ಬೀಳುವವರೂ ಇದ್ದಾರೆ. ಸಜ್ಜನರೂ ಸೇರಿ ಪ್ರತಿಯೊಬ್ಬರೂ ನರಕದ ಬಳಿಗೆ ಬರಲೇಬೇಕು ಎನ್ನುತ್ತದೆ ಕುರ್‌ಆನ್‌ನ 19ನೇ ಅಧ್ಯಾಯ. ಆ ಬರುವಿಕೆ ಈ ಸೇತುವೆಯನ್ನು ದಾಟುವುದೇ ಎಂದು ಬಹಳಷ್ಟು ವ್ಯಾಖ್ಯಾನಕಾರರು ಅರ್ಥೈಸಿದ್ದಾರೆ.

ನರಕದ ಚಿತ್ರ

‘ಜಹನ್ನಮ್’ಗೆ ಏಳು ಬಾಗಿಲುಗಳು, ಒಂದೊಂದು ಬಾಗಿಲಿಗೂ ಒಂದೊಂದು ಪಾಲಿನ ಜನ. ಲಝಾ, ಹುತಮಾ, ಸಈರ್, ಸಕರ್, ಜಹೀಮ್, ಹಾವಿಯಾ ಎಂಬ ಹೆಸರುಗಳೂ ಕುರ್‌ಆನ್‌ನಲ್ಲಿವೆ. ಇವನ್ನು ಒಂದರ ಕೆಳಗೊಂದಿರುವ ಏಳು ಅಂತಸ್ತುಗಳೆಂದು ನಂತರದವರು ಜೋಡಿಸಿದರು. ಮೇಲೊಂದು, ಒಳಗೊಂದು ಇರುವ ಕಪಟಿಗಳಿಗೆ ಎಲ್ಲಕ್ಕಿಂತ ಕೆಳಗಿನ ತಳ. ಕಾವಲಿಗೆ 19 ದೇವದೂತರು, ಅವರ ಮುಖ್ಯಸ್ಥ ಮಾಲಿಕ್. ಉರುವಲು ಮನುಷ್ಯರು ಮತ್ತು ಕಲ್ಲುಗಳು. ಊಟಕ್ಕೆ ನರಕದ ತಳದಿಂದ ಮೇಲೇಳುವ ‘ಝಕ್ಕೂಮ್’ ಮರದ ಫಲ, ಕುಡಿಯಲು ಕುದಿನೀರು. ಸುಟ್ಟ ಚರ್ಮದ ಜಾಗದಲ್ಲಿ ಹೊಸ ಚರ್ಮ ಬರುತ್ತದೆ, ನೋವು ನಿಲ್ಲುವುದಿಲ್ಲ. ಭೂಮಿಯ ಬೆಂಕಿ ಅಲ್ಲಿನ ಬೆಂಕಿಯ 70 ಪಾಲಿನಲ್ಲಿ ಒಂದು ಪಾಲು ಮಾತ್ರ ಎನ್ನುತ್ತದೆ ಒಂದು ಹದೀಸ್.

ಇದನ್ನೆಲ್ಲ ಅಕ್ಷರಶಃ ತಗೊಳ್ಳಬೇಕೇ? ಸಾಂಪ್ರದಾಯಿಕ ವಿದ್ವಾಂಸರಲ್ಲಿ ಹೆಚ್ಚಿನವರು ಹೌದು ಎನ್ನುತ್ತಾರೆ, ಆದರೆ ಪರಲೋಕದ ವಸ್ತುಗಳು ಇಲ್ಲಿನ ವಸ್ತುಗಳಂತೆಯೇ ಇರಬೇಕಿಲ್ಲ ಎಂದೂ ಸೇರಿಸುತ್ತಾರೆ. ಕವಿ, ದಾರ್ಶನಿಕ ಮುಹಮ್ಮದ್ ಇಕ್ಬಾಲರ ನಿಲುವು ಬೇರೆ. 1930ರಲ್ಲಿ ಪುಸ್ತಕವಾಗಿ ಬಂದ ತಮ್ಮ ಉಪನ್ಯಾಸಗಳಲ್ಲಿ ಅವರು ಸ್ವರ್ಗ–ನರಕಗಳು ಊರುಗಳಲ್ಲ, ಆತ್ಮದ ಸ್ಥಿತಿಗಳು ಎಂದರು. ನರಕವನ್ನು ಅವರು ಕಂಡದ್ದು ಗಟ್ಟಿಯಾದ ಆತ್ಮವನ್ನು ಮತ್ತೆ ಮೆದುವಾಗಿಸುವ ತಿದ್ದುಪಡಿಯಾಗಿ. ಆ ಮಾಲೆಯ ಉಪನ್ಯಾಸಗಳಿಗಾಗಿ 1929ರ ಜನವರಿಯಲ್ಲಿ ದಕ್ಷಿಣಕ್ಕೆ ಬಂದಿದ್ದಾಗ ಇಕ್ಬಾಲರು ಮೈಸೂರಿಗೂ ಶ್ರೀರಂಗಪಟ್ಟಣದ ಟಿಪ್ಪು ಸಮಾಧಿಗೂ ಭೇಟಿ ಕೊಟ್ಟಿದ್ದರು.

ಲೆಕ್ಕದ ನಿಯಮಗಳು

ಬುಖಾರಿ (ಮರಣ 870) ಮತ್ತು ಮುಸ್ಲಿಮ್ (ಮರಣ 875) ಸಂಗ್ರಹಿಸಿದ ಹದೀಸ್‌ಗಳಿಗೆ ಸುನ್ನಿಗಳಲ್ಲಿ ಎಲ್ಲಕ್ಕಿಂತ ಹೆಚ್ಚಿನ ಮನ್ನಣೆ. ಕರ್ಮಗಳ ಲೆಕ್ಕ ಬರೆಯುವ ಕ್ರಮ ಆ ಎರಡರಲ್ಲೂ ಇದೆ. ಒಳ್ಳೆಯ ಕೆಲಸವನ್ನು ಮನಸ್ಸಿನಲ್ಲಿ ನೆನೆದು ಮಾಡಲಾಗದೆ ಹೋದರೂ ಒಂದು ಪುಣ್ಯ. ಮಾಡಿ ಮುಗಿಸಿದರೆ 10ರಿಂದ 700 ಪಟ್ಟು, ಅದಕ್ಕೂ ಮೇಲೆ. ಕೆಟ್ಟದ್ದನ್ನು ನೆನೆದು ದೇವರಿಗಂಜಿ ಕೈಬಿಟ್ಟರೆ ಅದೂ ಒಂದು ಪುಣ್ಯ. ಮಾಡಿಯೇಬಿಟ್ಟರೆ ಮಾತ್ರ ಒಂದು ಪಾಪ, ಅದೂ ಒಂದೇ. ಜಮೆಯ ಕಡೆ ಹತ್ತರ ಲೆಕ್ಕ, ಖರ್ಚಿನ ಕಡೆ ಒಂದರ ಲೆಕ್ಕ. ಇಷ್ಟರ ಮೇಲೂ ನರಕಕ್ಕೆ ಬೀಳುವವನು ಎಷ್ಟು ಕೆಡುಕು ಮಾಡಿರಬೇಕು ಎಂದು ಪ್ರವಚನಕಾರರು ಕೇಳುವುದುಂಟು.

ದೇವರ ಕರುಣೆಯನ್ನು 100 ಪಾಲು ಮಾಡಿದರೆ ಭೂಮಿಗೆ ಇಳಿದದ್ದು ಒಂದೇ ಪಾಲು ಎಂಬ ಇನ್ನೊಂದು ಹದೀಸ್ ಇದೆ. ತಾಯಿ ಮಗುವನ್ನು ಅಪ್ಪಿಕೊಳ್ಳುವುದು, ಪ್ರಾಣಿ ತನ್ನ ಮರಿಗೆ ತಾಗದಂತೆ ಗೊರಸು ಎತ್ತುವುದು, ಎಲ್ಲವೂ ಆ ಒಂದರಲ್ಲೇ ಸೇರಿದೆ. ಉಳಿದ 99 ಪಾಲು ತೀರ್ಪಿನ ದಿನಕ್ಕೆಂದು ತೆಗೆದಿರಿಸಿದ್ದು.

ಮಾಡಿದ ಪಾಪವನ್ನು ಅಳಿಸುವ ದಾರಿ ‘ತೌಬಾ’. 13ನೇ ಶತಮಾನದ ಡಮಾಸ್ಕಸ್‌ನಲ್ಲಿ ಪಾಠ ಹೇಳಿದ ಇಮಾಮ್ ನವವಿ (1233–1277) ಅದಕ್ಕೆ ಮೂರು ಷರತ್ತು ಹೇಳಿದ್ದಾರೆ. ಆ ಪಾಪವನ್ನು ಕೂಡಲೇ ಬಿಡಬೇಕು, ಮಾಡಿದ್ದಕ್ಕೆ ಮನಸಾರೆ ಮರುಗಬೇಕು, ಇನ್ನು ಮಾಡುವುದಿಲ್ಲವೆಂದು ನಿರ್ಧರಿಸಬೇಕು. ಮಧ್ಯವರ್ತಿ ಬೇಡ, ಇನ್ನೊಬ್ಬರ ಮುಂದೆ ಒಪ್ಪಿಕೊಳ್ಳಬೇಕಿಲ್ಲ. ಕೊನೆಯುಸಿರು ಗಂಟಲಿಗೆ ಬರುವ ತನಕ ಬಾಗಿಲು ತೆರೆದೇ ಇರುತ್ತದೆ. ಆದರೆ ಪಾಪ ಇನ್ನೊಬ್ಬ ಮನುಷ್ಯನಿಗೆ ಸಂಬಂಧಿಸಿದ್ದಾದರೆ ನವವಿ ನಾಲ್ಕನೇ ಷರತ್ತನ್ನೂ ಇಡುತ್ತಾರೆ. ಅವನದ್ದನ್ನು ಅವನಿಗೆ ಹಿಂದಿರುಗಿಸಬೇಕು, ಇಲ್ಲವೇ ಅವನಿಂದಲೇ ಕ್ಷಮೆ ಪಡೆಯಬೇಕು.

ಕರುಣೆ ತಡೆದು ನಿಲ್ಲುವ ಜಾಗ

ಆ ನಾಲ್ಕನೇ ಷರತ್ತಿನ ಹಿಂದೆ ದೊಡ್ಡದೊಂದು ವಿಂಗಡಣೆಯಿದೆ. ನಮಾಜ್, ಉಪವಾಸಗಳು ದೇವರ ಹಕ್ಕು. ಹಣ, ಮಾನ, ಪ್ರಾಣ ಜನರ ಹಕ್ಕು. ಜನರ ಈ ಹಕ್ಕುಗಳನ್ನು ‘ಹುಕೂಕುಲ್ ಇಬಾದ್’ ಎನ್ನುತ್ತಾರೆ. ಮೊದಲನೆಯದನ್ನು ದೇವರು ಮನಸ್ಸು ಮಾಡಿದರೆ ಮನ್ನಿಸಬಹುದು. ಎರಡನೆಯದರಲ್ಲಿ ಅನ್ಯಾಯಕ್ಕೊಳಗಾದವನ ಮಾತು ಮುಖ್ಯ.

ದಿವಾಳಿಯಾದವನು ಯಾರು ಎಂದು ಪ್ರವಾದಿ ಮುಹಮ್ಮದರು ಒಮ್ಮೆ ಸಂಗಡಿಗರನ್ನು ಕೇಳಿದ ಪ್ರಸಂಗ ಮುಸ್ಲಿಮ್ ಸಂಗ್ರಹದಲ್ಲಿದೆ. ಕೈಯಲ್ಲಿ ಕಾಸಿಲ್ಲದವನು ಎಂದು ಅವರು ಉತ್ತರಿಸಿದರು. ಪ್ರವಾದಿಯವರು ಹೇಳಿದ್ದು ಇನ್ನೊಬ್ಬನ ಕಥೆ. ಆತ ತೀರ್ಪಿನ ದಿನ ನಮಾಜ್, ಉಪವಾಸ, ಕಡ್ಡಾಯ ದಾನವಾದ ಝಕಾತ್‌ಗಳ ರಾಶಿಯನ್ನೇ ಹೊತ್ತು ಬರುತ್ತಾನೆ. ಆದರೆ ಅವನು ಒಬ್ಬರನ್ನು ಬೈದಿದ್ದಾನೆ, ಇನ್ನೊಬ್ಬರ ಮೇಲೆ ಅಪವಾದ ಹೊರಿಸಿದ್ದಾನೆ, ಮತ್ತೊಬ್ಬರ ಗಂಟು ನುಂಗಿದ್ದಾನೆ, ಯಾರಿಗೋ ಹೊಡೆದಿದ್ದಾನೆ. ಅವರೆಲ್ಲ ಬಂದು ಸಾಲುಗಟ್ಟುತ್ತಾರೆ. ಅಲ್ಲಿ ಹಣವಿಲ್ಲ, ಪುಣ್ಯವೇ ನಾಣ್ಯ. ಅವನ ಪುಣ್ಯವನ್ನು ತೆಗೆತೆಗೆದು ಅವರಿಗೆ ಹಂಚಲಾಗುತ್ತದೆ. ಅದು ಮುಗಿದರೂ ಬಾಕಿದಾರರು ಉಳಿದಿದ್ದರೆ ಅವರ ಪಾಪಗಳನ್ನು ಇವನ ತಲೆಗೆ ಹೊರಿಸುತ್ತಾರೆ. ಕೊನೆಗೆ ಅವನನ್ನು ನರಕಕ್ಕೆ ಎಸೆಯಲಾಗುತ್ತದೆ.

ಈ ನ್ಯಾಯ ಮನುಷ್ಯರಿಗಷ್ಟೇ ಅಲ್ಲ. ಕೊಂಬಿಲ್ಲದ ಕುರಿಗೆ ಹಾಯ್ದ ಕೊಂಬಿನ ಕುರಿಯಿಂದಲೂ ಅಂದು ಲೆಕ್ಕ ವಸೂಲಾಗುತ್ತದೆ. ಬೆಕ್ಕನ್ನು ಅನ್ನ ನೀರಿಲ್ಲದೆ ಕೂಡಿಹಾಕಿ ಸಾಯಿಸಿದ ಹೆಂಗಸಿಗೆ ನರಕ, ಬಾಯಾರಿದ ನಾಯಿಗೆ ಬಾವಿಯಿಂದ ನೀರೆತ್ತಿ ಕುಡಿಸಿದ ವೇಶ್ಯೆಗೆ ಕ್ಷಮೆ. ನರಕದಿಂದ ಪಾರಾಗಿ ಸೇತುವೆ ದಾಟಿದವರನ್ನೂ ಸ್ವರ್ಗದ ಬಾಗಿಲಿಗೆ ಮುನ್ನ ಇನ್ನೊಂದು ಕಿರುಸೇತುವೆಯ ಮೇಲೆ ತಡೆಯುತ್ತಾರೆ ಎನ್ನುತ್ತದೆ ಬುಖಾರಿಯ ಒಂದು ಹದೀಸ್. ಅವರವರ ನಡುವಿನ ಹಳೆಯ ತಕರಾರುಗಳು ಅಲ್ಲಿ ಚುಕ್ತಾ ಆಗಬೇಕು, ಆಮೇಲೆಯೇ ಒಳಗೆ ಪ್ರವೇಶ.

ಹಾಗಾದರೆ ಕೊಲೆಗಾರನಿಗೆ ಕ್ಷಮೆ ಇಲ್ಲವೇ? ಇದಕ್ಕೂ ಒಂದು ಹೆಸರಾಂತ ಕಥೆಯಿದೆ. 99 ಜನರನ್ನು ಕೊಂದವನೊಬ್ಬ ತನಗೆ ತೌಬಾ ಉಂಟೇ ಎಂದು ಒಬ್ಬ ಸನ್ಯಾಸಿಯನ್ನು ಕೇಳುತ್ತಾನೆ. ಇಲ್ಲ ಎಂದ ಸನ್ಯಾಸಿಯನ್ನೂ ಕೊಂದು 100 ಪೂರ್ತಿ ಮಾಡುತ್ತಾನೆ. ಆಮೇಲೆ ಸಿಕ್ಕ ಜ್ಞಾನಿಯೊಬ್ಬ, ಉಂಟು, ಆದರೆ ಈ ಕೆಟ್ಟ ಊರು ಬಿಟ್ಟು ಸಜ್ಜನರಿರುವ ಆ ಊರಿಗೆ ಹೋಗು ಎನ್ನುತ್ತಾನೆ. ಹೊರಟವನು ನಡುದಾರಿಯಲ್ಲೇ ಸಾಯುತ್ತಾನೆ. ಕರುಣೆಯ ದೂತರೂ ಶಿಕ್ಷೆಯ ದೂತರೂ ಅವನಿಗಾಗಿ ಜಗಳಕ್ಕೆ ಬೀಳುತ್ತಾರೆ. ದಾರಿ ಅಳೆದಾಗ ಒಳ್ಳೆಯ ಊರಿಗೆ ಅವನು ಒಂದು ಗೇಣು ಹತ್ತಿರವಿದ್ದ. ಕರುಣೆಯ ದೂತರು ಅವನನ್ನು ಕೊಂಡೊಯ್ದರು. ಸತ್ತ ಆ ನೂರು ಜನರ ಹಕ್ಕಿನ ಗತಿ ಏನಾಯಿತು? ದೇವರು ಅಂಥವನ ತೌಬಾ ಒಪ್ಪಿದರೆ, ಕೊಲೆಯಾದವರನ್ನು ಸಂತೃಪ್ತಿಪಡಿಸುವ ಹೊಣೆಯನ್ನು ತಾನೇ ಹೊರುತ್ತಾನೆ ಎಂದು ವ್ಯಾಖ್ಯಾನಕಾರರು ವಿವರಿಸಿದ್ದಾರೆ. ಅಲ್ಲೂ ಬಾಕಿ ಅಳಿಸಿಹೋಗುವುದಿಲ್ಲ, ತೀರಿಸುವ ಕೈ ಬದಲಾಗುತ್ತದೆ ಅಷ್ಟೆ.

ನರಕದಿಂದ ಬಿಡುಗಡೆ

ಸುನ್ನಿ ಮುಸ್ಲಿಮರ ಮುಖ್ಯ ನಂಬಿಕೆಯ ಪ್ರಕಾರ ಎದೆಯಲ್ಲಿ ಸಾಸಿವೆಯಷ್ಟು ವಿಶ್ವಾಸ ಇದ್ದವನೂ ನರಕದಲ್ಲಿ ಶಾಶ್ವತವಾಗಿ ಉಳಿಯುವುದಿಲ್ಲ. ಅವನನ್ನು ಹೊರತರುವ ದಾರಿಯೇ ‘ಶಫಾಅತ್’, ಅಂದರೆ ಶಿಫಾರಸು. ಮಹ್ಶರ್‌ನಲ್ಲಿ ಕಂಗೆಟ್ಟ ಜನ ಆದಮ್, ನೂಹ್, ಇಬ್ರಾಹೀಮ್, ಮೂಸಾ, ಈಸಾ ಹೀಗೆ ಒಬ್ಬೊಬ್ಬ ಪ್ರವಾದಿಯ ಬಳಿಗೂ ಹೋಗಿ ಬೇಡುತ್ತಾರೆ. ಎಲ್ಲರೂ ತಮ್ಮಿಂದಾಗದು ಎಂದು ಮುಂದಿನವರತ್ತ ಕಳಿಸುತ್ತಾರೆ. ಕೊನೆಗೆ ಪ್ರವಾದಿ ಮುಹಮ್ಮದರು ಸಾಷ್ಟಾಂಗವೆರಗಿ ಅನುಮತಿ ಪಡೆದು ಶಿಫಾರಸು ಮಾಡುತ್ತಾರೆ. ಅನುಮತಿ ಎಂಬುದು ಇಲ್ಲಿ ಮುಖ್ಯ. ದೇವರ ಒಪ್ಪಿಗೆ ಇಲ್ಲದೆ ಯಾರೂ ಶಿಫಾರಸು ಮಾಡಲಾರರು ಎಂದು ಕುರ್‌ಆನ್ ಹಲವೆಡೆ ಎಚ್ಚರಿಸುತ್ತದೆ. ಶಿಯಾ ಮುಸ್ಲಿಮರಲ್ಲಿ ಇಮಾಮರ ಶಿಫಾರಸಿಗೂ ದೊಡ್ಡ ಸ್ಥಾನವಿದೆ.

ಸುಟ್ಟು ಕರಕಲಾದವರ ನಡುವೆ ಬಿಡುಗಡೆಗೆ ತಕ್ಕವರನ್ನು ದೇವದೂತರು ಗುರುತಿಸುವುದು ನಮಾಜ್‌ನ ಸಾಷ್ಟಾಂಗವಾದ ಸಜ್ದಾದಲ್ಲಿ ನೆಲ ಮುಟ್ಟಿದ ಅಂಗಗಳಿಂದ. ಅವನ್ನು ಬೆಂಕಿ ತಿನ್ನುವುದಿಲ್ಲ. ಹೊರತೆಗೆದವರನ್ನು ಜೀವನದಿಯಲ್ಲಿ ಅದ್ದಿದಾಗ ನೆರೆ ತಂದ ಮೆಕ್ಕಲಿನಲ್ಲಿ ಬೀಜ ಮೊಳೆತಂತೆ ಚಿಗುರುತ್ತಾರೆ. ಪ್ರವಾದಿಗಳು, ದೇವದೂತರು, ವಿಶ್ವಾಸಿಗಳು ಎಲ್ಲರ ಶಿಫಾರಸೂ ಮುಗಿದ ಮೇಲೆ ದೇವರು ತಾನೇ ಒಂದು ಹಿಡಿ ತುಂಬ ಜನರನ್ನು ತೆಗೆಯುತ್ತಾನೆ. ಅವರು ಬದುಕಿನಲ್ಲಿ ಯಾವ ಒಳಿತನ್ನೂ ಮಾಡಿದವರಲ್ಲ.

ಎಲ್ಲರಿಗಿಂತ ಕೊನೆಗೆ ಹೊರಬರುವವನ ಕಥೆಯಲ್ಲಿ ತಮಾಷೆಯೂ ಇದೆ. ತೆವಳಿಕೊಂಡು ಬಂದವನಿಗೆ ಸ್ವರ್ಗ ಆಗಲೇ ತುಂಬಿಹೋದಂತೆ ಕಾಣುತ್ತದೆ. ಭೂಮಿಯ ಹತ್ತು ಪಟ್ಟು ನಿನಗಿದೆ ಎಂದರೆ, ರಾಜಾಧಿರಾಜನಾಗಿ ನನ್ನನ್ನು ಗೇಲಿ ಮಾಡುತ್ತೀಯಾ ಎಂದು ದೇವರನ್ನೇ ಕೇಳುತ್ತಾನೆ. ಇದನ್ನು ಹೇಳುವಾಗ ಪ್ರವಾದಿಯವರು ದವಡೆ ಹಲ್ಲು ಕಾಣುವಂತೆ ನಕ್ಕರು ಎಂದು ವರದಿಗಾರರು ದಾಖಲಿಸಿದ್ದಾರೆ.

ಬೆಂಕಿ ಎಂದಿಗೂ ಆರದೇ?

ದೊಡ್ಡ ಪಾಪ ಮಾಡಿ ತೌಬಾ ಇಲ್ಲದೆ ಸತ್ತ ಮುಸ್ಲಿಮನ ಗತಿ ಏನು ಎಂಬುದೇ ಇಸ್ಲಾಮಿನ ಆದಿಕಾಲದ ದೊಡ್ಡ ವಾದ. ಅವನು ಮುಸ್ಲಿಮನೇ ಅಲ್ಲ, ಶಾಶ್ವತ ನರಕಿ ಎಂದರು ಖಾರಿಜಿಗಳು. ತೀರ್ಪು ದೇವರಿಗೆ ಬಿಟ್ಟದ್ದು ಎಂದರು ಮುರ್ಜಿಯಾಗಳು. ಬಸ್ರಾದಲ್ಲಿ ಹಸನ್ ಬಸ್ರಿಯವರ (ಮರಣ 728) ಪಾಠದ ಕೂಟದಿಂದ ವಾಸಿಲ್ ಇಬ್ನ್ ಅತಾ ಎದ್ದುಹೋದದ್ದು ಇದೇ ಪ್ರಶ್ನೆಗೆ ಎನ್ನುತ್ತದೆ ಪರಂಪರೆ. ಅಂಥವನು ವಿಶ್ವಾಸಿಯೂ ಅಲ್ಲ, ಅವಿಶ್ವಾಸಿಯೂ ಅಲ್ಲ ಎಂಬುದು ವಾಸಿಲರ ವಾದ. ಅವರಿಂದ ಮುಅ್ತಝಿಲಾ ಪಂಥ ಬೆಳೆಯಿತು. ಶಿಕ್ಷೆಯ ಬೆದರಿಕೆ ಹಾಕಿದ ದೇವರು ಅದನ್ನು ಜಾರಿ ಮಾಡದಿದ್ದರೆ ನ್ಯಾಯವೇ ಉಳಿಯದು ಎಂದು ಆ ಪಂಥದವರು ಪಟ್ಟುಹಿಡಿದರು. ಕೊಟ್ಟ ಮಾತು ತಪ್ಪುವುದು ದೋಷ, ಹಾಕಿದ ಬೆದರಿಕೆಯನ್ನು ಕೈಬಿಡುವುದು ದೊಡ್ಡತನ ಎಂದು ಅಶ್ಅರಿ ಪರಂಪರೆಯ ವಿದ್ವಾಂಸರು ಪ್ರತಿವಾದ ಹೂಡಿದರು. ಸುನ್ನಿ ಜಗತ್ತು ಒಪ್ಪಿದ್ದು ಈ ವಾದವನ್ನೇ. ದೇವರಿಗೆ ಸಮಾನರನ್ನು ಕಲ್ಪಿಸುವ ‘ಶಿರ್ಕ್’ ಒಂದನ್ನು ಬಿಟ್ಟು ಉಳಿದದ್ದೆಲ್ಲವನ್ನೂ ದೇವರು ತಾನು ಬಯಸಿದವರಿಗೆ ಕ್ಷಮಿಸಬಹುದು ಎಂಬ 4ನೇ ಅಧ್ಯಾಯದ ವಚನ ಅವರ ಆಧಾರ. ಶಿರ್ಕ್ ಮಾಡಿದವನೂ ಬದುಕಿರುವಾಗಲೇ ತೌಬಾ ಮಾಡಿದರೆ ಕ್ಷಮೆ ಉಂಟು.

ಅವಿಶ್ವಾಸಿಗಳಿಗೆ ನರಕ ಶಾಶ್ವತ ಎಂಬುದು ಬಹುಮತದ ನಿಲುವು. ಆದರೆ 11ನೇ ಅಧ್ಯಾಯದಲ್ಲಿ ನರಕವಾಸದ ಅವಧಿ ಹೇಳುವಾಗ ದೇವರು ಬೇರೆ ಬಯಸಿದರೆ ಹೊರತು ಎಂಬ ಒಂದು ವಿನಾಯಿತಿ ಇರಿಸಲಾಗಿದೆ. ಆ ಎಳೆ ಹಿಡಿದು ವಿದ್ವಾಂಸ ಇಬ್ನ್ ತೈಮಿಯಾ (1263–1328) ಕೊನೆಗಾಲದ ಬರಹವೊಂದರಲ್ಲಿ ನರಕ ಒಂದು ದಿನ ಇಲ್ಲವಾಗುತ್ತದೆ ಎಂಬ ವಾದಕ್ಕೆ ಒಲವು ತೋರಿದರು. ಶಿಷ್ಯ ಇಬ್ನುಲ್ ಖಯ್ಯಿಮ್ (1292–1350) ಅದನ್ನು ವಿಸ್ತರಿಸಿದರು. ಕರುಣೆ ದೇವರ ಸ್ವಭಾವ, ಕೋಪ ಹಾಗಲ್ಲ. ಶಿಕ್ಷೆ ಕಲ್ಮಶ ತೊಳೆಯುವ ಮದ್ದು, ಕಲ್ಮಶ ಹೋದ ಮೇಲೆ ಮದ್ದಿಗೇನು ಕೆಲಸ ಎಂಬುದು ಅವರ ತರ್ಕ. ಡಮಾಸ್ಕಸ್‌ನ ಮುಖ್ಯ ಕಾಜಿಯಾಗಿದ್ದ ತಕಿಯುದ್ದೀನ್ ಸುಬ್ಕಿ ಇದನ್ನು ಖಂಡಿಸಿ ಗ್ರಂಥವನ್ನೇ ಬರೆದರು. ಸೂಫಿ ಚಿಂತಕ ಇಬ್ನ್ ಅರಬಿಯವರದು (1165–1240) ಮೂರನೇ ದಾರಿ. ನರಕವಾಸಿಗಳು ಅಲ್ಲೇ ಇರುತ್ತಾರೆ, ಆದರೆ ಕಾಲಾಂತರದಲ್ಲಿ ಯಾತನೆ ತೀರಿ ಅಲ್ಲೇ ಅವರಿಗೆ ಹಿತವೆನಿಸುತ್ತದೆ ಎಂದರು.

ಸಂದೇಶ ಮುಟ್ಟದವರ ಪಾಡೇನು?

ದೂತನನ್ನು ಕಳಿಸದೆ ಯಾರನ್ನೂ ಶಿಕ್ಷಿಸುವುದಿಲ್ಲ ಎಂಬ ತತ್ವ ಕುರ್‌ಆನ್‌ನ 17ನೇ ಅಧ್ಯಾಯದಲ್ಲಿದೆ. ಇದನ್ನು ಆಧರಿಸಿ ಇಮಾಮ್ ಗಝಾಲಿ (1058–1111) ಮುಸ್ಲಿಮೇತರರನ್ನು ಮೂರು ಗುಂಪಾಗಿ ನೋಡಿದರು. ಪ್ರವಾದಿಯ ಹೆಸರನ್ನೇ ಕೇಳದವರು ಮೊದಲನೆಯವರು. ಹೆಸರು ಕೇಳಿದರೂ ಚಿಕ್ಕಂದಿನಿಂದ ಸುಳ್ಳು, ವಿಕೃತ ಚಿತ್ರವನ್ನಷ್ಟೇ ಕಂಡವರು ಎರಡನೆಯವರು. ಈ ಎರಡೂ ಗುಂಪಿಗೆ ಕರುಣೆಯಲ್ಲಿ ಪಾಲಿದೆ ಎಂದರು. ತಮ್ಮ ಕಾಲದ ಬೈಜಾಂಟಿಯಂನ ಕ್ರೈಸ್ತರು ಮತ್ತು ದೂರದ ತುರ್ಕರಲ್ಲಿ ಹೆಚ್ಚಿನವರು ಈ ಕರುಣೆಗೆ ಸೇರುತ್ತಾರೆ ಎಂದೂ ಬರೆದರು. ಸರಿಯಾಗಿ ತಿಳಿದೂ ಹಟದಿಂದ ನಿರಾಕರಿಸಿದವರು ಮಾತ್ರ ಮೂರನೆಯವರು, ಶಿಕ್ಷೆಗೆ ಗುರಿಯಾಗುವವರು. ಎಳವೆಯಲ್ಲೇ ತೀರಿಕೊಂಡ ಮಕ್ಕಳು ಯಾವ ಧರ್ಮದ ಮನೆಯವರಾದರೂ ಸ್ವರ್ಗಕ್ಕೆ ಎಂಬುದು ನವವಿ ಸೇರಿದಂತೆ ಹಲವು ವಿದ್ವಾಂಸರ ತೀರ್ಮಾನ.

ಇಂಥವನು ಖಂಡಿತ ನರಕಕ್ಕೆ ಎಂದು ಒಬ್ಬ ವ್ಯಕ್ತಿಯನ್ನು ಬೊಟ್ಟು ಮಾಡಿ ಹೇಳುವ ಹಕ್ಕು ಯಾರಿಗೂ ಇಲ್ಲ ಎಂಬ ಎಚ್ಚರವೂ ಸುನ್ನಿ ಪರಂಪರೆಯಲ್ಲಿದೆ. ಕೊನೆಗಳಿಗೆಯಲ್ಲಿ ಯಾರ ಮನಸ್ಸು ಎತ್ತ ತಿರುಗಿತೆಂದು ಬಲ್ಲವರಿಲ್ಲ.

ದಿನದ ಬದುಕಿನಲ್ಲಿ

ಬರೀ ಭಯವಿದ್ದರೆ ಮನುಷ್ಯ ಹತಾಶನಾಗುತ್ತಾನೆ, ಬರೀ ಭರವಸೆಯಿದ್ದರೆ ಉಡಾಫೆಗೆ ಬೀಳುತ್ತಾನೆ. ಎರಡೂ ಸಮವಿರಬೇಕು, ಸಾವಿನ ಹೊತ್ತಿಗೆ ಮಾತ್ರ ಭರವಸೆಯ ಕೈ ಮೇಲಾಗಬೇಕು ಎಂಬುದು ವಿದ್ವಾಂಸರು ಹೇಳುವ ಹದ. ದೇವರ ಕರುಣೆಯ ಬಗ್ಗೆ ನಿರಾಶರಾಗುವುದನ್ನು ಕುರ್‌ಆನ್ ನೇರವಾಗಿ ನಿಷೇಧಿಸಿದೆ. ಸೂಫಿಗಳು ಇನ್ನೂ ಮುಂದೆ ಹೋದರು. 8ನೇ ಶತಮಾನದ ಬಸ್ರಾದ ರಾಬಿಯಾ ಒಂದು ಕೈಯಲ್ಲಿ ಬೆಂಕಿ, ಇನ್ನೊಂದರಲ್ಲಿ ನೀರು ಹಿಡಿದು ಹೊರಟ ಕಥೆ ಪ್ರಸಿದ್ಧ. ಸ್ವರ್ಗವನ್ನು ಸುಟ್ಟು ನರಕವನ್ನು ಆರಿಸಿದರೆ ಜನ ಆಸೆಯೂ ಅಂಜಿಕೆಯೂ ಇಲ್ಲದೆ ದೇವರನ್ನು ಪ್ರೀತಿಸಿಯಾರು ಎಂಬುದು ಆಕೆಯ ಬಯಕೆ.

ಜನರ ಹಕ್ಕಿನ ಭಯವನ್ನು ಕರ್ನಾಟಕದ ಮುಸ್ಲಿಮರ ಸಾವಿನ ಮನೆಗಳಲ್ಲೂ ಕಾಣಬಹುದು. ಅಂತ್ಯಸಂಸ್ಕಾರದ ಜನಾಝ ನಮಾಜ್‌ಗೆ ಜನ ಸಾಲು ನಿಂತ ಮೇಲೆ ಮೃತರ ಮಗನೋ ತಮ್ಮನೋ ಮುಂದೆ ಬಂದು, ಇವರಿಂದ ಯಾರಿಗಾದರೂ ಹಣ ಬರಬೇಕಿದ್ದರೆ ನಮ್ಮನ್ನು ಕೇಳಿ, ಮಾತಿನಲ್ಲಿ ನೋಯಿಸಿದ್ದರೆ ಮಾಫ್ ಮಾಡಿ ಎಂದು ಬೇಡಿಕೊಳ್ಳುತ್ತಾರೆ. ಹಜ್ ಯಾತ್ರೆಗೆ ಹೊರಡುವವರು ನೆಂಟರಿಷ್ಟರ, ನೆರೆಹೊರೆಯವರ ಬಳಿ ಹೋಗಿ ಮಾಫಿ ಕೇಳುವುದೂ ಇದಕ್ಕೇ. ಸಾಲ ಉಳಿಸಿ ಸತ್ತವನೊಬ್ಬನ ಜನಾಝ ನಮಾಜ್ ನಡೆಸಲು ಪ್ರವಾದಿಯವರು ಒಪ್ಪಲಿಲ್ಲ. ಅಬೂ ಕತಾದಾ ಎಂಬ ಸಂಗಡಿಗರು ಆ ಸಾಲ ತಮ್ಮದೆಂದು ಹೊತ್ತ ಮೇಲೆಯೇ ಪ್ರವಾದಿಯವರು ನಮಾಜ್‌ಗೆ ಮುಂದೆ ನಿಂತರು. ಧರ್ಮಕ್ಕಾಗಿ ಪ್ರಾಣ ಕೊಟ್ಟ ಹುತಾತ್ಮನಿಗೂ ಸಾಲವೊಂದನ್ನು ಬಿಟ್ಟು ಉಳಿದೆಲ್ಲ ಪಾಪಕ್ಕೆ ಕ್ಷಮೆ ಎನ್ನುತ್ತದೆ ಹದೀಸ್.

ಆದ್ದರಿಂದ ಈ ನಂಬಿಕೆಯನ್ನು ಗಂಭೀರವಾಗಿ ತೆಗೆದುಕೊಂಡವರಿಗೆ ವಿದ್ವಾಂಸರು ಕೊಡುವ ಸಲಹೆ ಸರಳವಾದದ್ದು. ದೇವರಿಗೆ ಬಾಕಿಯಿರುವುದಕ್ಕೆ ಕ್ಷಮೆ ಬೇಡಿ. ಜನರಿಗೆ ಬಾಕಿಯಿರುವುದನ್ನು ಬದುಕಿರುವಾಗಲೇ ತೀರಿಸಿ, ತೀರಿಸಲಾಗದಿದ್ದರೆ ಅವರ ಮನೆಗೇ ಹೋಗಿ ಮಾಫಿ ಕೇಳಿ.